ಕಾಗದದಲ್ಲೋ, ಫೋನಿನಲ್ಲೋ? ಯಾವ ಕೆಲಸಕ್ಕೆ ಯಾವ ದಾರಿ

2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಎಂಬ ಪ್ರತ್ಯೇಕ ಸೇವೆ ಇಲ್ಲ. ಅಂಚೆ ಇಲಾಖೆ ಅದನ್ನು ಸ್ಪೀಡ್ ಪೋಸ್ಟ್‌ನೊಳಗೆ ಸೇರಿಸಿಬಿಟ್ಟಿತು. ಅದಾದ ಮೇಲೆ ನನಗೆ ಬರುವ ಪ್ರಶ್ನೆಗಳೂ ಹೆಚ್ಚಾಗಿವೆ. “ಮನೆ ಓನರ್ ಅಡ್ವಾನ್ಸ್ ವಾಪಸ್ ಕೊಡ್ತಿಲ್ಲ, ನೋಟಿಸನ್ನ ವಾಟ್ಸಾಪ್‌ನಲ್ಲೇ ಕಳಿಸಿದ್ರೆ ನಡೆಯುತ್ತಾ?” “ಪಂಚಾಯಿತಿಗೆ ಅರ್ಜಿ ಇಮೇಲ್ ಮಾಡಿದ್ದೆ, ಬಂದೇ ಇಲ್ಲ ಅಂತಾರೆ, ಏನ್ ಮಾಡ್ಲಿ?” “ಅಪ್ಪನ ಬ್ಯಾಂಕ್ ಕಾಗದಗಳನ್ನೆಲ್ಲ ನಿಲ್ಲಿಸಿ ನನ್ನ ಇಮೇಲ್‌ಗೆ ಹಾಕಿಸ್ಲಾ?” ಈ ಮೂರು ಪ್ರಶ್ನೆಗಳಿಗೆ ಉತ್ತರ ಬೇರೆ ಬೇರೆ. ಒಂದೊಂದನ್ನೂ ಬಿಡಿಸಿ ಹೇಳಲು ಈ ಬರಹ.

ಹಳೆಯ ಸೇವೆಗಳು ಒಂದೊಂದಾಗಿ ಮುಗಿಯುತ್ತಿರುವುದು ನಿಜ. ‘ಇಂಥ ದಿನ ಪೋಸ್ಟ್ ಮಾಡಿದ್ದಾರೆ’ ಎಂದು ಚೀಟಿಗೆ ಮುದ್ರೆ ಒತ್ತಿ ಕೊಡುತ್ತಿದ್ದ ಅಗ್ಗದ ಯುಪಿಸಿ 2011ರಲ್ಲಿ ನಿಂತಿತು. ಟೆಲಿಗ್ರಾಂ 2013ರ ಜುಲೈನಲ್ಲಿ ಕೊನೆಯಾಯಿತು. ಆದರೂ ನಮ್ಮ ದೇಶದಲ್ಲಿ ಇವತ್ತಿಗೂ 1.6 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ. ಪಾಸ್‌ಪೋರ್ಟ್ ಮನೆಗೆ ಬರುವುದು ಸ್ಪೀಡ್ ಪೋಸ್ಟ್‌ನಲ್ಲೇ. ಹಾಗಾಗಿ ಕಾಗದವನ್ನು ಪೂರ್ತಿ ಬಿಡುವ ಕಾಲ ನಮ್ಮಲ್ಲಿ ಬಂದಿಲ್ಲ. ಯಾವುದನ್ನು ಎಲ್ಲಿ ಬಿಡಬಹುದು ಎಂದು ತಿಳಿದಿರಬೇಕು, ಅಷ್ಟೆ.

ಕಳಿಸುವ ಮುಂಚೆ ಕೇಳಿಕೊಳ್ಳಬೇಕಾದದ್ದು

ಎಲ್ಲಕ್ಕಿಂತ ಮೊದಲ ಪ್ರಶ್ನೆ ಇದು: “ನನಗೆ ಬಂದೇ ಇಲ್ಲ” ಎಂದು ಎದುರಿನವರು ಹೇಳಿಬಿಟ್ಟರೆ ನನಗಾಗುವ ನಷ್ಟ ಎಷ್ಟು? ಹುಟ್ಟುಹಬ್ಬದ ಶುಭಾಶಯವಾದರೆ ನಷ್ಟವೇನಿಲ್ಲ. ಎರಡು ಲಕ್ಷ ರೂಪಾಯಿ ಅಡ್ವಾನ್ಸ್ ಆದರೆ ನಷ್ಟ ದೊಡ್ಡದು. ನಾನು ಯಾರಿಗೆ ಸಲಹೆ ಕೊಡುವಾಗಲೂ ಇಲ್ಲಿಂದಲೇ ಶುರು ಮಾಡುತ್ತೇನೆ. ಈ ಒಂದು ಉತ್ತರ ಸಿಕ್ಕರೆ ಅರ್ಧ ನಿರ್ಧಾರ ಆದಂತೆ.

ಎರಡನೆಯದು, ಅದನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು ಎನ್ನುವುದು. ಮೂರನೆಯದು, ಪಡೆಯುವವರು ನಿಜವಾಗಿಯೂ ಅದನ್ನು ನೋಡುತ್ತಾರೆಯೇ ಎನ್ನುವುದು. ಇಮೇಲ್ ವಿಳಾಸ ಇರುವುದು ಬೇರೆ, ಅದನ್ನು ದಿನಾ ತೆರೆಯುವುದು ಬೇರೆ. ಅವಸರ, ಖರ್ಚು, ಗುಟ್ಟು ಇವು ಆಮೇಲೆ ಬರುತ್ತವೆ. ಖರ್ಚಿಗೆ ಹೆದರಿ ಮೊದಲ ಪ್ರಶ್ನೆಯನ್ನು ಬದಿಗಿಡುವವರೇ ಹೆಚ್ಚು. ಆದರೆ ಅತ್ಯಂತ ಭದ್ರವಾದ ದಾರಿಗೂ ನೂರು ರೂಪಾಯಿ ಹಿಡಿಯುವುದಿಲ್ಲ ಎಂಬುದನ್ನು ಮುಂದೆ ನೋಡುತ್ತೀರಿ.

ಸ್ಪೀಡ್ ಪೋಸ್ಟ್: ಜಗಳ ಬರಬಹುದಾದ ಕಡೆಗೆಲ್ಲ ಇದೇ

ಈಗಿನ ಸ್ಪೀಡ್ ಪೋಸ್ಟ್‌ನಲ್ಲಿ ಎರಡು ಬಗೆ ಇದೆ ಎಂದಿಟ್ಟುಕೊಳ್ಳಿ. ಸುಮ್ಮನೆ ಕಳಿಸಿದರೆ ಆ ವಿಳಾಸದಲ್ಲಿರುವ ಯಾರ ಕೈಗಾದರೂ ಕೊಡಬಹುದು. ‘ರಿಜಿಸ್ಟ್ರೇಷನ್’ ಸೇರಿಸಿ ಎಂದು ಕೇಳಿದರೆ, ಹೆಸರಿರುವ ವ್ಯಕ್ತಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಕೊಡುತ್ತಾರೆ. ಹಳೆಯ ರಿಜಿಸ್ಟರ್ಡ್ ಪೋಸ್ಟ್‌ನ ಜೀವ ಉಳಿದಿರುವುದು ಇಲ್ಲಿ. 2025ರ ಅಕ್ಟೋಬರ್ 1ರಿಂದ ಬಂದ ದರದಂತೆ 50 ಗ್ರಾಂವರೆಗಿನ ಪತ್ರಕ್ಕೆ ಸ್ಥಳೀಯವಾಗಿ 19 ರೂಪಾಯಿ, ಹೊರಗಿನ ಯಾವ ಊರಿಗಾದರೂ 47 ರೂಪಾಯಿ. ರಿಜಿಸ್ಟ್ರೇಷನ್‌ಗೆ 5 ರೂಪಾಯಿ. ಜಿಎಸ್‌ಟಿ ಸೇರಿದರೆ ಸ್ಥಳೀಯಕ್ಕೆ ಸುಮಾರು 28, ಹೊರಗೆ ಸುಮಾರು 61 ರೂಪಾಯಿ. ಮೊದಲಿನ ರಿಜಿಸ್ಟರ್ಡ್ ಪೋಸ್ಟ್‌ಗಿಂತ ಇದು ಭಾರವೇ. ಕೋರ್ಟು, ಬ್ಯಾಂಕುಗಳಿಗೆ ಇದು ಲೆಕ್ಕಕ್ಕಿಲ್ಲ. ಪಿಂಚಣಿ ಅರ್ಜಿಗೆ ನಾಲ್ಕು ಸಲ ನೆನಪೋಲೆ ಬರೆಯುವ ವಿಧವೆಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಆ ಬೇಸರ ನನಗಿದೆ. ವಿದ್ಯಾರ್ಥಿಗಳಿಗೆ ಶೇ. 10 ರಿಯಾಯಿತಿ ಉಂಟು, ಕೌಂಟರಿನಲ್ಲಿ ಕೇಳಬೇಕು.

ಇಷ್ಟು ಹಣ ಕೊಟ್ಟು ಏನು ಪಡೆಯುತ್ತೀರಿ? 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಂ ಹೀಗನ್ನುತ್ತದೆ: ಸರಿಯಾದ ವಿಳಾಸ ಬರೆದು, ದರ ಕಟ್ಟಿ, ನೋಂದಾಯಿತ ಅಂಚೆಯಲ್ಲಿ ಕಳಿಸಿದ ಪತ್ರ, ಬೇರೆ ಸಾಬೀತಾಗದ ಹೊರತು, ಮಾಮೂಲಿನಂತೆ ತಲುಪಬೇಕಾದ ಹೊತ್ತಿಗೆ ತಲುಪಿದೆ ಎಂದೇ ಭಾವಿಸಬೇಕು. ಹೊರೆ ತಿರುಗುಮುರುಗಾಗುವುದು ಇಲ್ಲಿಯೇ. ‘ತಲುಪಿದೆ’ ಎಂದು ನೀವು ಸಾಧಿಸುವ ಬದಲು ‘ತಲುಪಿಲ್ಲ’ ಎಂದು ಅವರು ಸಾಧಿಸಬೇಕಾಗುತ್ತದೆ. ಚೆಕ್ ಬೌನ್ಸ್ ನೋಟಿಸ್‌ಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2007ರ ಅಲವಿ ಹಾಜಿ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದಿದೆ.

ಕವರ್ ತಿರುಗಿ ಬಂದರೆ ಗಾಬರಿ ಬೇಡ. ಅದರ ಮೇಲೆ ಪೋಸ್ಟ್‌ಮ್ಯಾನ್ ಬರೆದ ಷರಾ ನೋಡಿ. ‘ರಿಫ್ಯೂಸ್ಡ್’ ಎಂದಿದ್ದರೆ ತೆಗೆದುಕೊಳ್ಳಲು ಒಪ್ಪಲಿಲ್ಲ ಎಂದರ್ಥ. ‘ಅನ್‌ಕ್ಲೇಮ್ಡ್’ ಎಂದಿದ್ದರೆ ಚೀಟಿ ಕೊಟ್ಟರೂ ಬಂದು ಪಡೆಯಲಿಲ್ಲ. ಇವೆರಡೂ ಬಹುಮಟ್ಟಿಗೆ ನಿಮ್ಮ ಪರವಾಗಿಯೇ ಕೆಲಸ ಮಾಡುತ್ತವೆ. ‘ಲೆಫ್ಟ್’ ಅಥವಾ ‘ನೋ ಸಚ್ ಪರ್ಸನ್’ ಎಂದಿದ್ದರೆ ವಿಳಾಸವೇ ತಪ್ಪಿರಬಹುದು, ಸರಿಯಾದ ವಿಳಾಸ ಹುಡುಕಿ ಮತ್ತೆ ಕಳಿಸಬೇಕು. ಯಾವ ಷರಾ ಇದ್ದರೂ ಆ ಕವರನ್ನು ಒಡೆಯಬೇಡಿ. ಅಂಟಿಸಿದ್ದು ಅಂಟಿಸಿದಂತೆಯೇ ಇಡಿ. ಅದನ್ನು ತೆರೆಯುವುದಿದ್ದರೆ ನ್ಯಾಯಾಧೀಶರ ಎದುರಿಗೇ ತೆರೆಯಲಿ.

ರಸೀದಿಯ ಕಡೆಗೂ ಗಮನ ಇರಲಿ. ಕೌಂಟರಿನಲ್ಲಿ ಕೊಡುವುದು ಥರ್ಮಲ್ ಕಾಗದ. ಬಿಸಿಲು ಬೀಳುವ ಕಡೆ ಇಟ್ಟರೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಚೀಟಿ ಉಳಿಯುತ್ತದೆ. ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಿದರಂತೂ ಶಾಖಕ್ಕೆ ಆ ಕ್ಷಣವೇ ಕಪ್ಪಾಗುತ್ತದೆ. ಅದೇ ದಿನ ಜೆರಾಕ್ಸ್ ತೆಗೆಸಿ, ಕಳಿಸಿದ ಪತ್ರದ ಪ್ರತಿಗೆ ಸೇರಿಸಿ ಪಿನ್ ಮಾಡಿ. ‘ಇ’ ಅಕ್ಷರದಿಂದ ಶುರುವಾಗಿ ‘ಐಎನ್’ ಎಂದು ಮುಗಿಯುವ 13 ಅಕ್ಷರದ ಸಂಖ್ಯೆ ಹಾಕಿ ಟ್ರ್ಯಾಕ್ ಮಾಡಿ, ತಲುಪಿತು ಎಂದು ತೋರಿಸಿದ ಕೂಡಲೇ ಆ ಪುಟವನ್ನು ಪ್ರಿಂಟ್ ತೆಗೆದಿಡಿ. ವರ್ಷಗಟ್ಟಲೆ ಅದು ಅಲ್ಲೇ ಇರುತ್ತದೆಂದು ನಂಬಿಕೊಳ್ಳಬೇಡಿ.

5 ರೂಪಾಯಿಗೆ ಒಟಿಪಿ ಡೆಲಿವರಿ ಕೂಡ ಇದೆ. ಪಡೆಯುವವರ ಮೊಬೈಲಿಗೆ ಬಂದ ಸಂಖ್ಯೆ ಹೇಳಿದರೆ ಮಾತ್ರ ಕೊಡುತ್ತಾರೆ. ಅಂಕಪಟ್ಟಿ, ಒಡವೆಯ ಕಾಗದಗಳಿಗೆ ಒಳ್ಳೆಯದು. ನೋಟಿಸಿಗೆ ಇದನ್ನು ಆಯ್ದುಕೊಳ್ಳಬೇಡಿ ಎಂಬುದು ನನ್ನ ಖಚಿತ ಸಲಹೆ. ತಪ್ಪಿಸಿಕೊಳ್ಳಬೇಕೆಂದಿರುವವರು ಒಟಿಪಿ ಹೇಳುವುದಿಲ್ಲ.

ಮುದ್ದಾಂ: ಕಾಸಿಲ್ಲದವರ ಭದ್ರ ದಾರಿ

ನಿಮ್ಮ ಅರ್ಜಿ ತಾಲ್ಲೂಕು ಕಚೇರಿ, ಪಂಚಾಯಿತಿ, ಶಾಲೆ, ಬ್ಯಾಂಕ್ ಶಾಖೆಗೆ ಹೋಗಬೇಕೆ? ಆ ಕಚೇರಿ ಬಸ್ ಚಾರ್ಜಿನ ದೂರದಲ್ಲಿದೆಯೇ? ಹಾಗಾದರೆ ಅರ್ಜಿಯ ಎರಡು ಪ್ರತಿ ಮಾಡಿಕೊಂಡು ಖುದ್ದಾಗಿ ಹೋಗಿ. ಹೀಗೆ ಕೈಯಾರೆ ಕೊಡುವುದನ್ನೇ ‘ಮುದ್ದಾಂ’ ಎನ್ನುವುದು. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮೊಹರು, ತಾರೀಖು, ಸಹಿ, ಇನ್‌ವರ್ಡ್ ನಂಬರ್ (ಬಂದ ಕಾಗದಕ್ಕೆ ಕಚೇರಿ ಕೊಡುವ ದಾಖಲೆ ಸಂಖ್ಯೆ) ಹಾಕಿಸಿಕೊಳ್ಳಿ. ಆ ಒಂದು ನಂಬರ್ ಕೈಯಲ್ಲಿದ್ದರೆ “ನಿಮ್ಮ ಅರ್ಜಿ ಸಿಗ್ತಿಲ್ಲ” ಎಂಬ ಮಾತು ಅಲ್ಲಿಗೇ ನಿಲ್ಲುತ್ತದೆ. ಮೊಹರು ಹಾಕಲು ಯಾರಾದರೂ ಹಿಂದೇಟು ಹಾಕಿದರೆ ವಾದ ಬೆಳೆಸದೆ ಸೀದಾ ಅಂಚೆ ಕಚೇರಿಗೆ ನಡೆದು ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್ ಮಾಡಿ.

ಖಾಸಗಿ ಕೊರಿಯರ್ ಬಗ್ಗೆ ಎರಡೇ ಮಾತು. ನಗರದಿಂದ ನಗರಕ್ಕೆ ಪಾರ್ಸೆಲ್, ಕಂಪನಿ ಕಾಗದಗಳಿಗೆ ಅದು ಸಲೀಸು. 27ನೇ ಕಲಂ ಕೊಡುವ ಅನುಕೂಲ ಕೊರಿಯರ್‌ಗೆ ಇಲ್ಲ, ಹಳ್ಳಿಯ ಮನೆ ಬಾಗಿಲಿಗೆ ಹೋಗುವ ಖಾತ್ರಿಯೂ ಇಲ್ಲ. ನೋಟಿಸಿಗೆ ಬೇಡ.

ಇಮೇಲ್: ಮಾತು ಮುಂದುವರಿಯಬೇಕಾದಲ್ಲಿ

ಇಮೇಲ್‌ಗೆ ಕಾನೂನಿನ ಮಾನ್ಯತೆ ಇಲ್ಲ ಎಂದು ತಿಳಿದವರು ಇನ್ನೂ ಇದ್ದಾರೆ. ಹಾಗಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಯನ್ನು ಲಿಖಿತ ದಾಖಲೆಯ ಸಮಕ್ಕೆ ಒಪ್ಪುತ್ತದೆ. ಕಳಿಸಿದ್ದು ಯಾವಾಗ, ತಲುಪಿದ್ದು ಯಾವಾಗ ಎಂದು ಲೆಕ್ಕ ಹಾಕುವ ನಿಯಮವೂ ಅದರ 13ನೇ ಕಲಮಿನಲ್ಲಿದೆ. ತೊಡಕು ಬರುವುದು ಕೋರ್ಟಿನಲ್ಲಿ ಅದನ್ನು ಹಾಜರುಪಡಿಸುವಾಗ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು. ಅದರಲ್ಲಿ ಒಂದು ಭಾಗವನ್ನು ನೀವು ತುಂಬಬೇಕು, ಇನ್ನೊಂದನ್ನು ತಜ್ಞರು. ಬರೀ ಸ್ಕ್ರೀನ್‌ಶಾಟಿನ ಪ್ರಿಂಟ್ ಹಿಡಿದು ಹೋದರೆ ಸಾಲದು.

ಆದರೂ ಇನ್ಶೂರೆನ್ಸ್ ಕ್ಲೇಮು, ಅಪಾರ್ಟ್‌ಮೆಂಟಿನ ಬಿಲ್ಡರ್, ಆನ್‌ಲೈನ್ ಖರೀದಿಯ ತಕರಾರು, ಕಾಲೇಜಿನ ಫೀ ವಿಚಾರ ಇಂಥ ಹತ್ತು ಸಲ ಹಿಂದೆ ಮುಂದೆ ಓಡಾಡುವ ಮಾತುಕತೆಗೆ ಇಮೇಲ್‌ಗಿಂತ ಒಳ್ಳೆಯದಿಲ್ಲ. ಎದುರಿನವರು ಒಂದು ಸಾಲು ಉತ್ತರ ಕೊಟ್ಟರೂ ನಿಮ್ಮ ಹಿಂದಿನ ಪತ್ರ ತಲುಪಿತ್ತು ಎಂಬುದಕ್ಕೆ ಅದೇ ದಾಖಲೆ. ಒಂದು ಮೇಲ್‌ಗೆ ಒಂದೇ ವಿಷಯ ಇರಲಿ. ಹಳೆಯ ಸರಣಿಯಲ್ಲೇ ಉತ್ತರಿಸಿ. ನಿಮ್ಮದೇ ಇನ್ನೊಂದು ವಿಳಾಸಕ್ಕೆ ಪ್ರತಿ ಹೋಗಲಿ. ಮನೆಯ ವ್ಯವಹಾರಕ್ಕೆ ಕೆಲಸದ ಜಾಗದ ಮೇಲ್ ಐಡಿ ಬಳಸಬೇಡಿ, ಕೆಲಸ ಬಿಟ್ಟ ದಿನವೇ ಆ ಬಾಗಿಲು ಮುಚ್ಚುತ್ತದೆ. ಜಿಮೇಲ್‌ನ ಉಚಿತ ಜಾಗ 15 ಜಿಬಿ. ಫೋಟೋ, ಡ್ರೈವ್ ಎಲ್ಲ ಅದರೊಳಗೇ ಬರಬೇಕು. ಅದು ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು.

ವಾಟ್ಸಾಪ್: ಬೇಗ ಮುಟ್ಟುತ್ತದೆ, ಬೇಗ ಅಳಿಯುತ್ತದೆ

ಓದುತ್ತಾರೆಯೇ ಎಂಬ ಮೂರನೇ ಪ್ರಶ್ನೆಗೆ ವಾಟ್ಸಾಪ್‌ನಷ್ಟು ಒಳ್ಳೆಯ ಉತ್ತರ ಬೇರೆಯದಿಲ್ಲ. ಇಮೇಲ್ ಎಂದರೇನೆಂದು ಗೊತ್ತಿಲ್ಲದ ಅಜ್ಜಿಯೂ ಮೊಮ್ಮಗಳ ವಾಯ್ಸ್ ಮೆಸೇಜ್ ಕೇಳುತ್ತಾರೆ. ಓದಲು ಬಾರದವರಿಗೆ ಪತ್ರಕ್ಕಿಂತ ಇದು ಎಷ್ಟೋ ದೊಡ್ಡ ಉಪಕಾರ. ಆದರೆ ದಾಖಲೆಯಾಗಿ ಇದು ಸಡಿಲ. ನೀಲಿ ಟಿಕ್ ಬಾರದಂತೆ ಮಾಡಿಕೊಳ್ಳಬಹುದು. ಕಳಿಸಿ 15 ನಿಮಿಷದೊಳಗೆ ತಿದ್ದಬಹುದು. ತಾವಾಗಿಯೇ ಮಾಯವಾಗುವ ಮೆಸೇಜುಗಳಿವೆ. ಬ್ಯಾಕಪ್ ಇಲ್ಲದ ಫೋನ್ ನೀರಿಗೆ ಬಿದ್ದರೆ ಮೂರು ವರ್ಷದ ಮಾತುಕತೆ ಹೋಯಿತು. ಓನರ್ ವಾಟ್ಸಾಪ್‌ನಲ್ಲೇ “ಮುಂದಿನ ತಿಂಗಳು ಕೊಡ್ತೀನಿ” ಎಂದು ಬರೆದಿದ್ದರೆ, ಆ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಇಮೇಲ್‌ಗೆ ಇವತ್ತೇ ಕಳಿಸಿಕೊಳ್ಳಿ, ಆ ಫೋನನ್ನೂ ಮಾರಬೇಡಿ.

ವಾಟ್ಸಾಪ್‌ನಲ್ಲಿ ಬರುವ ‘ಪೊಲೀಸ್ ನೋಟಿಸ್’ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ವಿಚಾರಣೆಗೆ ಹಾಜರಾಗಲು ಹೇಳುವ, ಬಿಎನ್ಎಸ್ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 35ನೇ ಕಲಮಿನ ನೋಟಿಸನ್ನು ಪೊಲೀಸರು ವಾಟ್ಸಾಪ್ ಮೂಲಕ ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ನಿವೃತ್ತರ ಜೀವಮಾನದ ಉಳಿತಾಯ ದೋಚುವವರು ಇಂಥ ನಕಲಿ ನೋಟಿಸುಗಳನ್ನೇ ಮುಂದಿಡುತ್ತಾರೆ. ಬಂದರೆ ಕರೆ ಕತ್ತರಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸರ್ಕಾರಿ ಪೋರ್ಟಲ್

ಅರ್ಜಿಯನ್ನು ಪೋರ್ಟಲ್‌ನಲ್ಲಿ ಹಾಕಲು ಅವಕಾಶವಿದ್ದರೆ ಇಮೇಲ್‌ಗಿಂತ ಅದೇ ಮೇಲು. ಹಾಕಿದ ಕೂಡಲೇ ನಂಬರ್ ಬರುತ್ತದೆ, ಗಡುವು ಅಂದಿನಿಂದ ಓಡುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಇದಕ್ಕೆ ಒಳ್ಳೆಯ ಉದಾಹರಣೆ. ಕೇಂದ್ರದ ಇಲಾಖೆಗಳಿಗೆ ಒಂದು ಆರ್‌ಟಿಐ ಪೋರ್ಟಲ್, ಕರ್ನಾಟಕದ ಇಲಾಖೆಗಳಿಗೆ ಬೇರೆಯದು. ಎರಡರಲ್ಲೂ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಇದನ್ನು ಮರೆತು ನಾಲ್ಕು ಪುಟ ಬರೆದರೆ ಕಾಗದವಾದರೂ ಪೋರ್ಟಲ್ ಆದರೂ ಅಷ್ಟೆ, ತಿರಸ್ಕಾರಕ್ಕೆ ನೀವೇ ಕಾರಣ ಕೊಟ್ಟಂತೆ. ನಿಮಗೆ ಬೇಕಾದ ಕಚೇರಿಯ ಹೆಸರು ಪೋರ್ಟಲ್‌ನ ಪಟ್ಟಿಯಲ್ಲಿ ಇಲ್ಲದಿದ್ದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಾಗದದಲ್ಲೇ ಕಳಿಸಿ. ಬಡತನ ರೇಖೆಗಿಂತ ಕೆಳಗಿರುವವರು ಕಾರ್ಡಿನ ಪ್ರತಿ ಇಟ್ಟರೆ ಶುಲ್ಕವೂ ಬೇಡ.

ಬ್ಯಾಂಕ್, ಎಲ್‌ಐಸಿ ಕಾಗದಗಳನ್ನು ನಿಲ್ಲಿಸಬೇಕೇ?

ನನಗೆ ಅತಿ ಹೆಚ್ಚು ಕಳವಳವಾಗುವುದು ಈ ಪ್ರಶ್ನೆಯಲ್ಲಿ. ಕರೆಂಟ್ ಬಿಲ್ಲು, ಫೋನ್ ಬಿಲ್ಲು ಇಮೇಲ್‌ಗೆ ಬಂದರೆ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಠೇವಣಿ, ವಿಮೆ, ಷೇರು, ಮ್ಯೂಚುವಲ್ ಫಂಡ್ ಹಾಗಲ್ಲ. ಮೊದಲೆಲ್ಲ ಯಜಮಾನರು ತೀರಿಕೊಂಡ ಮೇಲೂ ಮನೆಗೆ ಕಾಗದ ಬರುತ್ತಿತ್ತು. ವಿಮೆಯ ಪ್ರೀಮಿಯಂ ನೋಟಿಸ್, ಠೇವಣಿಯ ವಾಯಿದೆ ಮುಗಿದ ಪತ್ರ ಬಂದಾಗಲೇ ಹೆಂಡತಿಗೆ, ಮಕ್ಕಳಿಗೆ “ಓ, ಇಂಥದ್ದೊಂದು ಇದೆ” ಎಂದು ಗೊತ್ತಾಗುತ್ತಿತ್ತು. ಈಗ ಆ ಸುದ್ದಿಯೆಲ್ಲ ಬೀಗ ಹಾಕಿದ ಒಂದು ಫೋನಿನೊಳಗೆ ಬರುತ್ತದೆ. ಪಾಸ್‌ವರ್ಡ್ ಹೋದವರ ಜೊತೆಗೇ ಹೋಗುತ್ತದೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ವಾರಸುದಾರರು ಅದನ್ನು ಮರಳಿ ಕೇಳಬಹುದು, ಹುಡುಕಲು 2023ರಿಂದ ‘ಉದ್ಗಮ್’ ಎಂಬ ಪೋರ್ಟಲ್ ಇದೆ. ಆದರೆ ಇಂಥ ಠೇವಣಿ ಇರಬಹುದೆಂದು ತಿಳಿದವರು ತಾನೇ ಹುಡುಕುವುದು?

ಆದ್ದರಿಂದ ಅಪ್ಪನ ಕಾಗದಗಳನ್ನು ನಿಮ್ಮ ಇಮೇಲ್‌ಗೆ ತಿರುಗಿಸುವ ಮುನ್ನ ಅವರ ಜೊತೆ ಕೂತು ಪಟ್ಟಿ ಮಾಡಿ. ಯಾವ ಬ್ಯಾಂಕು, ಯಾವ ಶಾಖೆ, ಪಾಲಿಸಿ ನಂಬರ್, ನಾಮಿನಿ ಯಾರು, ಎಲ್ಲವನ್ನೂ ಕೈಯಲ್ಲೇ ಬರೆದು ಬೀರುವಿನಲ್ಲಿಡಿ, ಅಮ್ಮನಿಗೂ ತೋರಿಸಿ. ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ ಆದರೆ ತೆರಿಗೆ ಲೆಕ್ಕಕ್ಕೂ ಆಯಿತು, ಎಲ್ಲ ಸ್ಟೇಟ್‌ಮೆಂಟುಗಳ ಪ್ರಿಂಟ್ ತೆಗೆದು ಅದೇ ಕಡತಕ್ಕೆ ಸೇರಿಸಿ. ಅವರಿಗೆ ಕಾಗದ ನೋಡಿದರೇ ಸಮಾಧಾನ ಎನ್ನುವುದಾದರೆ ಕಾಗದವನ್ನೇ ಮುಂದುವರಿಸಿ. ಅವರ ಹಣ, ಅವರ ನೆಮ್ಮದಿ.

ಉಯಿಲನ್ನಂತೂ ಇಮೇಲ್‌ನಲ್ಲಿ ಬರೆದಿಡಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆ ಉಯಿಲಿಗೆ ಅನ್ವಯಿಸುವುದಿಲ್ಲ. ಕಾಗದ, ಸಹಿ, ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಅಂಕಪಟ್ಟಿ, ಡ್ರೈವಿಂಗ್ ಲೈಸೆನ್ಸ್, ಆರ್‌ಸಿಗಳ ವಿಷಯ ತಿರುಗುಮುರುಗು. ಡಿಜಿಲಾಕರ್‌ನಲ್ಲಿ ಇಲಾಖೆಯೇ ಕೊಟ್ಟ ಪ್ರತಿಗೆ ಮೂಲ ದಾಖಲೆಯ ಬೆಲೆಯೇ ಇದೆ, ಜೆರಾಕ್ಸ್ ಮಾಡಿ ಅಂಚೆಗೆ ಹಾಕುವ ಅಗತ್ಯ ಬಹಳಷ್ಟು ಕಡೆ ಉಳಿದಿಲ್ಲ.

ಮದುವೆ ಕರೆಯೋಲೆ, ಹಬ್ಬದ ಪತ್ರ

ಇಲ್ಲಿ ಸಾಕ್ಷಿಯ ಮಾತಿಲ್ಲ, ಬಾಂಧವ್ಯದ ಮಾತು. ಸೋದರಮಾವ, ಅತ್ತೆ, ಬೀಗರು ಇವರಿಗೆ ಮನೆಗೇ ಹೋಗಿ, ಅರಿಸಿನ ಕುಂಕುಮ ಹಚ್ಚಿದ ಪತ್ರಿಕೆ ಕೊಟ್ಟು ಕರೆಯಬೇಕು. ಅದಕ್ಕೆ ಪರ್ಯಾಯವಿಲ್ಲ. ದೂರದ ಹಿರಿಯರಿಗೆ ಅಂಚೆ, ಹಿಂದೆಯೇ ಒಂದು ಫೋನ್. ಗೆಳೆಯರಿಗೆ, ಸಹೋದ್ಯೋಗಿಗಳಿಗೆ ವಾಟ್ಸಾಪ್ ಸಾಕು. ಬಜೆಟ್ ಬಿಗಿಯಿದ್ದರೆ ಐನೂರರ ಬದಲು ನೂರು ಪತ್ರಿಕೆ ಮುದ್ರಿಸಿ. 5 ರೂಪಾಯಿಯ ಅಂಚೆ ದರ 20 ಗ್ರಾಂವರೆಗೆ ಮಾತ್ರ, ಈಗಿನ ದಪ್ಪ ಕಾರ್ಡುಗಳು ಅದನ್ನು ಮೀರುತ್ತವೆ. ತೂಕ ಹಾಕಿಸದೆ ಡಬ್ಬಕ್ಕೆ ಹಾಕಿದರೆ ಬೇರಿಂಗ್ (ಸಾಕಷ್ಟು ದರ ಕಟ್ಟದ ಅಂಚೆ) ಆಗಿ, ಕರೆಸಿಕೊಂಡವರೇ ದಂಡ ಕಟ್ಟಬೇಕಾಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವಾಗ ಚಿತ್ರ ಅಥವಾ ಪಿಡಿಎಫ್ ರೂಪದಲ್ಲೇ ಕಳಿಸಿ, ಮತ್ತು ಮನೆಯವರಿಗೆಲ್ಲ ಹೇಳಿಡಿ: ಮದುವೆ ಆಮಂತ್ರಣ ಎಂದು ಬರುವ ಕಡತದ ಹೆಸರು ‘ಎಪಿಕೆ’ ಎಂದು ಮುಗಿದಿದ್ದರೆ ಮುಟ್ಟಬಾರದು. ಅದು ಫೋನಿನೊಳಗೆ ಹೊಕ್ಕು ಬ್ಯಾಂಕ್ ಖಾತೆ ಬರಿದು ಮಾಡುವ ಆ್ಯಪ್.

50 ಪೈಸೆಯ ಪೋಸ್ಟ್ ಕಾರ್ಡಿಗೆ, ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್‌ಗೆ ಈಗಲೂ ಒಂದು ಜಾಗವಿದೆ ಎಂದೇ ನನ್ನ ನಂಬಿಕೆ. ಉತ್ತರ ಕರ್ನಾಟಕದಲ್ಲಿ ಸಂಕ್ರಾಂತಿಗೆ ಶುಭಾಶಯ ಪತ್ರದೊಳಗೆ ಕುಸುರೆಳ್ಳು ಇಟ್ಟು ಕಳಿಸುವ ರೂಢಿ ಇತ್ತು. ಹಾಸ್ಟೆಲ್‌ನಲ್ಲಿರುವ ಮಗಳಿಗೆ ಒಮ್ಮೆ ಹಾಗೆ ಕಳಿಸಿ ನೋಡಿ. ಕಾರ್ಡಿನಲ್ಲಿ ಗುಟ್ಟಿನ ಮಾತು ಮಾತ್ರ ಬೇಡ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು.

ಹಾಗಾದರೆ ಆ ಮೂವರು ಏನು ಮಾಡಬೇಕು?

ಅಡ್ವಾನ್ಸ್ ಕೇಳುವ ಬಾಡಿಗೆದಾರರು ರಿಜಿಸ್ಟ್ರೇಷನ್ ಸಹಿತ ಸ್ಪೀಡ್ ಪೋಸ್ಟ್ ಮಾಡಿ, ಅದೇ ನೋಟಿಸಿನ ಪಿಡಿಎಫನ್ನು ಇಮೇಲ್‌ಗೂ ವಾಟ್ಸಾಪ್‌ಗೂ ಅದೇ ದಿನ ಹಾಕಬೇಕು. ವಾಟ್ಸಾಪ್‌ಗೆ ಓನರ್ ಸಿಟ್ಟಿನಿಂದ ಒಂದು ಮಾತು ಉತ್ತರಿಸಿದರೂ ನಿಮಗೆ ಅನುಕೂಲವೇ. ಚೆಕ್ ಬೌನ್ಸ್ ಆಗಿದ್ದರೂ ಹೀಗೆಯೇ ಮಾಡಿ, ತಡ ಮಾತ್ರ ಮಾಡಬೇಡಿ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು. ‘ಅರ್ಜಿ ಬಂದೇ ಇಲ್ಲ’ ಎಂದು ಪಂಚಾಯಿತಿಯವರಿಂದ ಹೇಳಿಸಿಕೊಂಡವರು ಅದೇ ಅರ್ಜಿಯನ್ನು ಮುದ್ದಾಂ ಆಗಿ ಕೊಟ್ಟು ಇನ್‌ವರ್ಡ್ ನಂಬರ್ ಪಡೆಯಲಿ, ಹಳೆಯ ಇಮೇಲ್‌ನ ಪ್ರಿಂಟನ್ನೂ ಲಗತ್ತಿಸಲಿ. ಮೂರನೆಯವರು ಪಟ್ಟಿ ಬರೆದಿಟ್ಟ ಮೇಲೆ ಇಮೇಲ್‌ಗೆ ಹೋಗಲಿ.

ವಿದೇಶದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಮಾತು. ಊರಿನ ಜಮೀನು, ಸೈಟಿನ ವ್ಯವಹಾರಕ್ಕೆ ತಮ್ಮನಿಗೋ ತಂದೆಗೋ ಅಧಿಕಾರಪತ್ರ ಕೊಡುವುದಿದ್ದರೆ ಸ್ಕ್ಯಾನ್ ಪ್ರತಿ ನಡೆಯುವುದಿಲ್ಲ. ಅಲ್ಲಿ ದೃಢೀಕರಿಸಿದ ಮೂಲ ಕಾಗದವೇ ಇಲ್ಲಿಗೆ ಬರಬೇಕು, ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಮೂರು ತಿಂಗಳನ್ನು ಎಣಿಸುವುದು ಅದು ಇಲ್ಲಿ ಕೈಸೇರಿದ ದಿನದಿಂದ. ಹಾಗಾಗಿ ತಾರೀಖಿನ ಮೊಹರು ಇರುವ ಲಕೋಟೆಯನ್ನು ಎಸೆಯದೆ ಅಧಿಕಾರಪತ್ರದ ಜೊತೆಗೇ ಇಟ್ಟು ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಗೆ ಒಯ್ಯಲು ಮನೆಯವರಿಗೆ ಈಗಲೇ ಹೇಳಿಡಿ.